ಚಾಂಪಿಯನ್ನನ ಕುರ್ಚಿ

ಜಗಳ ಹುಟ್ಟಿದ್ದೇ ಕುರ್ಚಿಯಿಂದ. ವಾಲ್ಪರೈಸೊ ಎಂಬ ಬಂದರೂರಿನ ಗುಡ್ಡದ ಕ್ಲಬ್ಬಿನಲ್ಲಿ ಕೈಗಳಿರುವ ಕುರ್ಚಿ ಒಂದೇ ಒಂದು, ಅದೂ ಸೀಮೆಎಣ್ಣೆ ಸ್ಟೋವಿನ ಪಕ್ಕ. ಎವರಿಸ್ತೊ ಹರೆಯದಿಂದಲೂ ಅದರಲ್ಲೇ ಕೂತು ಬೆನ್ನು ಕಾಯಿಸಿಕೊಳ್ಳುತ್ತಿದ್ದ. ಯಾಕೆಂದರೆ ಗುಡ್ಡಕ್ಕೆ ಮೊದಲು ಬಂದ ಕಂಪ್ಯೂಟರ್ ಅವನದು, ಅದರ ಹಡಗಿನ ಆಟದಲ್ಲಿ ಚಾಂಪಿಯನ್ನೂ ಅವನೇ.

"ಅದನ್ನ ಕಂಡವರ್ಯಾರು?" ಎಂದ ಕ್ಷೌರಿಕ ನಿಬಾಲ್ದೊ, ಚಳಿಗೆ ಕೈ ಉಜ್ಜಿಕೊಳ್ಳುತ್ತ.

"ಆಟದ ಫ್ಲಾಪಿ ಡಿಸ್ಕಲ್ಲಿ ನನ್ನ ಹೆಸರು ಇನ್ನೂ ಇದೆ ಕಣಯ್ಯ!"

"ಹಾಗಾದ್ರೆ ಇವತ್ತೇ ತೋರ್ಸು. ಇಲ್ದಿದ್ರೆ ಕುರ್ಚಿ ಬಿಡು."

ಎವರಿಸ್ತೊ ರೇಗಿಹೋದ. ಮನೆಯ ಅಟ್ಟದಿಂದ ಕಂಪ್ಯೂಟರ್ ಇಳಿಸಿ, ಗುಡ್ಡದ ಮೆಟ್ಟಿಲಿಳಿದು ಹೊತ್ತು ತಂದು, ಕ್ಲಬ್ಬಿನ ಟಿವಿಗೆ ಜೋಡಿಸಿದ. ಅದು ಗುಂಯ್ ಎಂದದ್ದೇ ತಡ, ಎಲ್ಲರ ಎದೆ ಕರಗಿತು. ಇದೇ ಸದ್ದಿಗೆ ಬೀದಿಯ ಮಕ್ಕಳೆಲ್ಲ ಅವನ ಕಿಟಕಿಗೆ ಜೋತುಬೀಳುತ್ತಿದ್ದ ಕಾಲವೊಂದಿತ್ತು. ಎಂಥ ಚೆಂದದ ಸಂಜೆಗಳವು!

ಡಿಸ್ಕ್ ಹಾಕಿದ. ಯಂತ್ರ ಕರಕರ ಎಂದು ಗೊಣಗಿ, ಓದಲಾಗದು ಎಂದಿತು.

"ಥಂಡಿ ಹಿಡಿದಿದೆ ಅದಕ್ಕೆ," ಎಂದು ನಿಬಾಲ್ದೊ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಊದಿದ. ಬ್ರೆಡ್ ಅಂಗಡಿಯ ಒರ್ತೆನ್ಸಿಯ, "ಸರಿಯಪ್ಪಾ ಆಚೆ," ಎಂದು ಪಿಸ್ಕೊ ಸಾರಾಯಿಯಲ್ಲಿ ಒರೆಸಿದಳು, ಉಳಿದದ್ದನ್ನು ತಾನೇ ಕುಡಿದಳು. ಆಮೇಲೆ ಮನೆಗೆ ಓಡಿ ತನ್ನ ಹಳೇ ಡಿಸ್ಕುಗಳ ಕಟ್ಟನ್ನೇ ತಂದಳು.

"ಅಳತೆ ಒಂದೇ ಆದ್ರೇನು ತಾಯಿ, ಇವು ಬೇರೆ ಕಂಪ್ಯೂಟರಿನವು. ಇದು ಮೂಸಿಯೂ ನೋಡಲ್ಲ," ಎಂದು ಎವರಿಸ್ತೊ ಅಳುವಂತಾದ. ನಿಬಾಲ್ದೊ ಆಗಲೇ ಕುರ್ಚಿಯ ಮೇಲೆ ಕೈಯಿಟ್ಟಿದ್ದ.

ಮಧ್ಯಾಹ್ನದಿಂದ ಕ್ಲಬ್ಬಿನ ಅಡುಗೆಕೋಣೆಯಲ್ಲಿ ಎಂಪನಾಡ ಕಡುಬಿಗೆ ಹೂರಣ ತುಂಬಿ ಬೇಯಿಸುತ್ತಿದ್ದ ಎವರಿಸ್ತೊನ ಹೆಂಡತಿ ಎಲಿಯಾನ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಗಂಡನ ಮುಖ ನೋಡಿ, "ತಿರುವಿ ಹಾಕು, ಮುದುಕಾ," ಎಂದಳು.

"ಹಿಂಬದೀಲಿ ಏನಿದೆ ನಿನ್ನ ತಲೆ! ನಾನು ಆ ಕಡೆ ಕಚ್ಚೇ ಹಾಕಿಲ್ಲ."

ಆಗೆಲ್ಲ ಡಿಸ್ಕ್ ಸಿಗುವುದೇ ಕಷ್ಟ, ಅಂಚಿನಲ್ಲಿ ಕಚ್ಚಿದ್ದ ಬದಿಗಷ್ಟೇ ಯಂತ್ರ ಬರೆಯುತ್ತಿತ್ತು. ಇನ್ನೊಂದು ಅಂಚಿಗೂ ಕತ್ತರಿಯಿಂದ ಕಚ್ಚು ಹಾಕಿ, ತಿರುವಿ, ಹಿಂಬದಿಯನ್ನೂ ಬಳಸುವುದು ಗುಡ್ಡದವರೆಲ್ಲರ ರೂಢಿ. ಎವರಿಸ್ತೊ ಅಂಚು ನೋಡಿದ. ಕಚ್ಚು ಇತ್ತು! ದರ್ಜಿಯ ಕತ್ತರಿಯಲ್ಲಿ ಕತ್ತರಿಸಿದಷ್ಟು ಅಚ್ಚುಕಟ್ಟಾಗಿತ್ತು.

ತಿರುವಿ ಹಾಕಿದ. ಆಟದ ಹಳೆಯ ರಾಗ ಮೊಳಗಿತು. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಪರದೆಯ ಮೇಲೆ ಗೆದ್ದವರ ಪಟ್ಟಿ ಮೂಡಿತು. ಮೇಲಿಂದ ಕೆಳಗೆ ಎಲಿಯಾನ, ಎಲಿಯಾನ, ಎಲಿಯಾನ. ಕಟ್ಟಕಡೆಗೆ ಎವರಿಸ್ತೊ.

"ಇದ್ಯಾವಾಗಲೇ?"

"ನಿನಗೆ ಬಂದರಲ್ಲಿ ರಾತ್ರಿ ಪಾಳಿ ಇರ್ತಿತ್ತಲ್ಲ, ಆಗ. ನಿನ್ನ ಕಡೆ ನಿನ್ನ ಹೆಸರೇ ಮೇಲಿರ್ಲಿ ಅಂತ ನಕಲು ತೆಗೆದು ಹಿಂಬದೀಲಿ ಆಡ್ತಿದ್ದೆ."

"ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲೇ?"

"ಆ ಕುರ್ಚೀಲಿ ಕೂತಾಗ ನಿನ್ನ ಮುಖ ಎಷ್ಟು ಕಳೆಕಳೆಯಾಗಿ ಇರ್ತಿತ್ತು ಗೊತ್ತಾ?"

ಎವರಿಸ್ತೊನ ಕಣ್ಣು ತುಂಬಿ ಬಂತು. ಅದು ಪ್ರೀತಿಗೋ ಅವಮಾನಕ್ಕೋ ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ನಿಬಾಲ್ದೊ ಕುರ್ಚಿಯ ಧೂಳು ಒರೆಸಿ, "ಬನ್ನಿ ಚಾಂಪಿಯನ್ನರೇ, ದಯಮಾಡಿಸಿ," ಎಂದು ಎಲಿಯಾನಳ ಮುಂದೆ ಬಾಗಿದ.

ಅವಳು ಬೇಡವೆನ್ನಲಿಲ್ಲ. ಏಪ್ರನ್ ಬಿಚ್ಚಿ ಗಂಡನ ಹೆಗಲಿಗೆ ಹಾಕಿ, ಕುರ್ಚಿಯಲ್ಲಿ ಒರಗಿ, ಸ್ಟೋವಿನತ್ತ ಕಾಲು ಚಾಚಿದಳು.

"ಹಾಗೇ ನಿಂತಿದ್ದೀಯಲ್ಲ ಮುದುಕಾ, ಎಂಪನಾಡ ಸೀದ ವಾಸನೆ ಬರ್ತಿದೆ. ಹೋಗು, ನೋಡು!"