ತಂತಿ ನನ್ನದು, ತಕರಾರು ಎಲ್ಲರದು

ಬೋಗಾದಿಯಲ್ಲಿ ಕೇಬಲ್ ನಡೆಸುವವನ ಫೋನು ಸುಮ್ಮನಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ಟಿ.ವಿ.ಯಲ್ಲಿ ಬರುವುದನ್ನೆಲ್ಲ ನಾನೇ ಅಂಗಡಿಯಲ್ಲಿ ಕೂತು ತಯಾರಿಸುತ್ತೇನೆಂದು ಜನ ನಂಬಿದ್ದಾರೆ. ಈಗ ಇಂಟರ್ನೆಟ್ ಬಂದ ಮೇಲೆ ಒಂದೊಂದೇ ಮನೆಯವರು ಕೇಬಲ್ ತೆಗೆಸುತ್ತಿದ್ದಾರೆ. ಹೊಟ್ಟೆಪಾಡಿನ ಚಿಂತೆ ಇದ್ದದ್ದೇ. ಆದರೂ ನಗು ಬರುವಂಥದ್ದು ನಡೆಯುವುದು ಮಾತ್ರ ನಿಂತಿಲ್ಲ.

ಕರಡಿ

ನಿವೃತ್ತ ಮೇಷ್ಟ್ರೊಬ್ಬರಿಗೆ ಬೇಕಿದ್ದದ್ದು ಒಂದೇ ಒಂದು ಸುದ್ದಿ ಚಾನೆಲ್. ಮೇಲಿನ ಕಂಪನಿಯವರು ಅದರ ಜೊತೆಗೆ ಅಡುಗೆ, ಕುಸ್ತಿ, ಮಕ್ಕಳ ಕಾರ್ಟೂನು ಎಲ್ಲ ಸೇರಿಸಿ ಪ್ಯಾಕು ಕಟ್ಟಿದ್ದರು.

"ಏನ್ರೀ ಇದು, ಕೊತ್ತಂಬರಿ ಸೊಪ್ಪು ಕೇಳಿದ್ರೆ ಕುಂಬಳಕಾಯಿನೂ ಹೊತ್ಕೊಂಡ್ಹೋಗಿ ಅಂತೀರಲ್ಲ!" ಎಂದು ಮೇಷ್ಟ್ರು ರೇಗಿದರು.

"ಕಟ್ಟೋರು ಮೇಲಿನವರು ಸಾರ್. ನಾನು ತಂತಿ ಎಳೆಯೋನು ಅಷ್ಟೇ."

ಕೆಲವು ತಿಂಗಳಾದ ಮೇಲೆ ಕಾರ್ಟೂನಿಲ್ಲದ ಪ್ಯಾಕು ಬಂತು. ಖುಷಿಯಿಂದ ಹೇಳಲು ಓಡಿದೆ. ಮೇಷ್ಟ್ರು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದು ದನಿ ತಗ್ಗಿಸಿದರು.

"ಬೇಕಾದ್ರೆ ಸುದ್ದಿ ತೆಗೆದ್ಬುಡಿ. ಆ ಕಾರ್ಟೂನು ಕರಡಿ ಇರ್ಲಿ ಕಣ್ರೀ. ಪಾಪ, ದಾರಿ ತಪ್ಪಿದ್ದು ಇನ್ನೂ ಮನೆ ಸೇರಿಲ್ಲ."

ಸಿಕ್ಸರ್

ಕೇಬಲ್ ಬಿಟ್ಟು ಮೊಬೈಲಿನಲ್ಲೇ ಕ್ರಿಕೆಟ್ ನೋಡುವ ಬ್ಯಾಂಕಿನವರೊಬ್ಬರು ಮ್ಯಾಚಿನ ಮಧ್ಯೆ ಫೋನ್ ಮಾಡಿದರು. ಗಿರಾಕಿ ವಾಪಸ್ ಬಂದರು ಎಂದು ಹಿಗ್ಗಿಹೋದೆ.

"ನಿಮ್ಮ ಕೇಬಲ್ ಇರೋ ಪಕ್ಕದ ಮನೆಯವರು ಆಗ್ಲೇ ಸಿಕ್ಸರ್ ಅಂತ ಕೂಗ್ತಾರೆ. ನನ್ನ ಮೊಬೈಲಲ್ಲಿ ಬೌಲರ್ ಇನ್ನೂ ಓಡೋಕೇ ಶುರು ಮಾಡಿರಲ್ಲ!"

"ಇಂಟರ್ನೆಟ್ಟಲ್ಲಿ ಸ್ವಲ್ಪ ತಡವಾಗೇ ಬರೋದು ಸಾರ್. ಮತ್ತೆ ಕೇಬಲ್ ಹಾಕಿಸ್ಕೊಂಡ್ಬುಡಿ."

"ಅದೆಲ್ಲ ಬೇಡ. ಅವರ ಮನೇದನ್ನ ಒಂಚೂರು ನಿಧಾನ ಮಾಡಿ, ಸಾಕು."

ತಾಳಿ ಕಟ್ಟುವ ಹೊತ್ತು

ನಮ್ಮ ಹಿಂದಿನ ಬೀದಿಯ ಅಜ್ಜಿ ನನ್ನ ಹಳೆಯ ಗಿರಾಕಿ. ಆ ಬೀದಿಯ ಹೆಂಗಸರು ಉಪ್ಪಿನಕಾಯಿ ಹಾಕುವುದೂ ಅವರನ್ನು ಕೇಳಿಯೇ. ಅವರು ಕೇಬಲ್ ಬಿಟ್ಟರೆ ಇಡೀ ಬೀದಿ ಬಿಡುತ್ತದೆ.

ಒಂದು ಬೆಳಿಗ್ಗೆ ಅಜ್ಜಿ ಕರೆಸಿದರು. ಸಂಜೆ ಟಿ.ವಿ.ಯಲ್ಲಿ ಬರಬೇಕಾದ ಧಾರಾವಾಹಿಯನ್ನು ಎದುರುಮನೆಯಾಕೆ ಮೊಬೈಲಿನಲ್ಲಿ ಮೊದಲೇ ನೋಡಿ, ರಂಗೋಲಿ ಹಾಕುತ್ತಾ ಕಥೆಯೆಲ್ಲ ಹೇಳಿಬಿಟ್ಟಿದ್ದಳು.

"ಅವಳಿಗೆ ಬೆಳಿಗ್ಗೇನೇ ಕೊಟ್ಟು, ನನಗೆ ಸಂಜೆವರೆಗೂ ಬಚ್ಚಿಟ್ಕೊಂಡಿದ್ದೀಯಲ್ಲ, ಇದು ನ್ಯಾಯವೇನಪ್ಪ?"

"ನಾನ್ಯಾಕೆ ಬಚ್ಚಿಡ್ಲಿ ಅಜ್ಜಿ? ಚಾನೆಲ್‌ನವರೇ ಧಾರಾವಾಹೀನ ಆ್ಯಪಿನಲ್ಲಿ ಮೊದಲೇ ಹಾಕ್ತಾರೆ."

"ಹಾಗಾದ್ರೆ ನನಗೂ ಆ್ಯಪೇ ಇರ್ಲಿ. ಮುಂದಿನ ವಾರ ಬಂದು ನಿನ್ನ ಕೇಬಲ್ ಡಬ್ಬ ತಗೊಂಡ್ಹೋಗು."

ಆ ವಾರವೆಲ್ಲ ಅನ್ನ ರುಚಿಸಲಿಲ್ಲ. ಡಬ್ಬ ತರಲು ಹೋದಾಗ ಬೀದಿಯ ಹೆಂಗಸರೆಲ್ಲ ಅಜ್ಜಿ ಏನು ಮಾಡುತ್ತಾರೆಂದು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಅಜ್ಜಿಯ ಕೈಯಲ್ಲಿ ಮಗಳ ಮೊಬೈಲಿತ್ತು. ನಾಯಕಿಗೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತು, ಮಧ್ಯದಲ್ಲೊಂದು ಚಕ್ರ ಸುತ್ತುತ್ತಿತ್ತು.

"ಇದು ನಿಂತ್ರೆ ಯಾರಿಗೆ ಹೇಳ್ಬೇಕಪ್ಪ?"

"ಯಾರಿಗೂ ಹೇಳೋಕಾಗಲ್ಲ ಅಜ್ಜಿ. ಕಾಯ್ತಾ ಕೂರ್ಬೇಕು."

ಅಜ್ಜಿ ಮೊಬೈಲನ್ನು ನೋಡಿದರು. ನನ್ನನ್ನು ನೋಡಿದರು.

"ಡಬ್ಬ ಇಲ್ಲೇ ಇರ್ಲಿ. ಧಾರಾವಾಹಿ ಮಾತ್ರ ಇದರಲ್ಲೇ ನೋಡ್ತೀನಿ."

"ಮತ್ತೆ ಕೇಬಲ್ ಯಾಕಜ್ಜಿ?"

ಅಜ್ಜಿ ಬೀದಿಯ ಕಡೆ ತಿರುಗಿ ಕೂಗಿದರು:

"ಯಾರೂ ಡಬ್ಬ ವಾಪಸ್ ಕೊಡ್ಬೇಡ್ರೇ! ಇವನೂ ಹೋದ್ರೆ ಬೈಯೋಕೆ ಯಾರಿದ್ದಾರೆ ನಮಗೆ?"