ಮನೆ ಟೀ

ಶಿಸ್ತು ನನಗೆ ಅಂಟಿದ ರೋಗವೆಂದು ಹೆಂಡತಿ ಶಾರದೆಯ ಅಭಿಪ್ರಾಯ. ಐದಕ್ಕೆ ಏಳುವುದು, ಐದೂವರೆಗೆ ಟೀ, ಆರಕ್ಕೆ ಮೀನಾ ಅಬ್ದುಲ್ಲಾದ ತೈಲಾಗಾರಕ್ಕೆ ಹೋಗುವ ಕಂಪೆನಿ ಬಸ್ಸು. ಕುವೈತಿನ ರಿಗ್ಗೈಯ ನಮ್ಮ ಫ್ಲಾಟಿನಲ್ಲಿ ಹಾಲು ಉಕ್ಕುವುದಕ್ಕೂ ನನ್ನ ಅನುಮತಿ ಬೇಕೆಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ತೊಂಬತ್ತನೆಯ ಇಸವಿಯ ಏಪ್ರಿಲ್ ತಿಂಗಳು. ನನ್ನ ಎಲೆಕ್ಟ್ರಿಕ್ ರೇಜರ್ ಗುಂಯ್ ಎನ್ನುತ್ತಿದ್ದಾಗ ಹತ್ತು ವರ್ಷದ ಮಗಳು ಅಶ್ವಿನಿ ಬಾಗಿಲಾಚೆಯಿಂದ ಕೂಗಿದಳು: “ಪಪ್ಪಾ, ಶನಿವಾರ ಸ್ಪೀಚ್. ಮ್ಯಾನಟೀ! ಡೈಲಿ ಹ್ಯಾಬಿಟ್ಸ್ ಆ್ಯಂಡ್ ಸೋಶಿಯಲ್ ಬಿಹೇವಿಯರ್!” ನನ್ನ ಕಿವಿಗೆ ಬಿದ್ದದ್ದು ‘ಮನೆ ಟೀ’. ಎಂಥ ಒಳ್ಳೆಯ ಶಾಲೆ ಎನ್ನಿಸಿತು. ಹಿಂದಿನ ಸಲ ನಾನು ಬರೆದುಕೊಟ್ಟ ಭಾಷಣ ಮರೆತು ಅವಳು ವೇದಿಕೆಯಲ್ಲೇ ಅತ್ತಿದ್ದಳು. ಅಂದಿನಿಂದ ಮೈಕ್ ಕಂಡರೆ ಹೆದರಿಕೆ. ಈ ಸಲ ವಿಷಯ ಮನೆಯದ್ದೇ, ಮರೆಯುವ ಮಾತೇ ಇಲ್ಲ. ಅಚ್ಚುಕಟ್ಟಾಗಿ ಮೂರು ಪುಟ ಬರೆದೆ: ದಿನಕ್ಕೆ ಎರಡು ಹೊತ್ತು, ನೆಂಟರು ಬಂದರೆ ಮೂರು, ಬೇಡವೆಂದವರಿಗೂ ಅರ್ಧ ಲೋಟ.

ಗುರುವಾರ ಸಂಜೆ ಅದನ್ನು ಓದಿದ ಅಶ್ವಿನಿ ಹಾಳೆಗಳನ್ನು ನನಗೇ ವಾಪಸು ಚಾಚಿದಳು. “ಪಪ್ಪಾ, ಇಟ್ಸ್ ಆ್ಯನ್ ಆ್ಯನಿಮಲ್!”

ಶಾರದೆ ನಕ್ಕು ಸೋಫಾದ ಮೇಲೆ ಬಿದ್ದಳು. “ಚಾಯದ ನಡತೆ ಬರ್ದಿದ್ದೀರಲ್ಲ ಮಾರಾಯ್ರೇ! ಆಫೀಸಿನಲ್ಲಿ ನಿಮ್ಮನ್ನು ಕೇಳುವವರೇ ಇಲ್ವಾ?”

ಅಶ್ವಿನಿ ಶಾಲೆಯಿಂದ ತಂದಿದ್ದ ಪುಸ್ತಕ ತೆರೆದೆ. ಮ್ಯಾನಟೀ ಎಂದರೆ ನೀರಿನಲ್ಲಿ ಬದುಕುವ, ಎಮ್ಮೆ ಗಾತ್ರದ ಸಾಧು ಪ್ರಾಣಿ. ಏಳೆಂಟು ಗಂಟೆ ಹುಲ್ಲು ಮೇಯುತ್ತದೆ, ಅರ್ಧ ದಿನ ಮಲಗುತ್ತದೆ, ಉಸಿರಿಗಾಗಿ ಆಗಾಗ ಮೂಗನ್ನಷ್ಟೇ ಮೇಲೆ ತರುತ್ತದೆ. ಮುಖಂಡನಿಲ್ಲ, ಜಾಗಕ್ಕಾಗಿ ಜಗಳವಿಲ್ಲ. ಎದುರಾದರೆ ಮೂತಿಗೆ ಮೂತಿ ತಾಗಿಸಿ ತಮ್ಮ ಪಾಡಿಗೆ ಹೋಗುತ್ತವೆ. ಹಾಜರಿ ಪುಸ್ತಕವಿಲ್ಲದ ಇಂಥ ಬದುಕಿನ ಬಗ್ಗೆ ಬರೆಯಲು ನನ್ನ ಪೆನ್ನು ಒಪ್ಪಲಿಲ್ಲ.

“ಬರೆಯುವುದು ಬೇಡ, ಮಾಡಿ ತೋರಿಸಿ,” ಎಂದಳು ಶಾರದೆ.

ಶುಕ್ರವಾರ ರಜೆ. ನೆಲದ ಮೇಲೊಂದು ಚಾಪೆ, ಅದರ ಮೇಲೆ ನೀಲಿ ಹೊದಿಕೆಯೆಂಬ ಸಮುದ್ರ, ಸಮುದ್ರದೊಳಗೆ ನಾನು. ಅಶ್ವಿನಿ ಪುಸ್ತಕ ನೋಡಿ ತಾನೇ ಕಟ್ಟಿದ ಭಾಷಣ ಹೇಳುತ್ತಾ ಹೋದಂತೆ ಕೊತ್ತಂಬರಿ ಸೊಪ್ಪು ಮೆದ್ದೆ, ಹೊರಳಿದೆ, ಮೂಗು ಹೊರಗೆ ಹಾಕಿದೆ. ಅವಳು ನಗುವಿನ ಮಧ್ಯೆ ಉಸಿರು ಹಿಡಿದು ಮೊದಲಿನಿಂದ ಮತ್ತೆ ಮತ್ತೆ ಹೇಳಿದಳು. ‘ಸ್ಲೀಪ್ಸ್’ ಎಂಬಲ್ಲಿಗೆ ನನಗೆ ನಿಜವಾಗಿಯೂ ನಿದ್ದೆ ಬಂತು. ಎಚ್ಚರವಾದಾಗ ಹನ್ನೊಂದೂವರೆ. ಟೀಯ ಪರಿಮಳಕ್ಕೆ ಮೂಗು ತಾನಾಗಿ ಹೊರಬಂದಿತ್ತು.

ಶನಿವಾರ ಅವಳು ಕಾಗದವಿಲ್ಲದೆ, ಅಳದೆ, ಕೊನೆಯವರೆಗೂ ಮಾತಾಡಿದಳು. ಇಷ್ಟೆಲ್ಲ ಹೇಗೆ ನೆನಪಿಟ್ಟೆ ಎಂದು ಟೀಚರ್ ಕೇಳಿದರಂತೆ. “ಮಿಸ್, ವಿ ಹ್ಯಾವ್ ಒನ್ ಅಟ್ ಹೋಮ್,” ಎಂದಳಂತೆ.

ಪೋಷಕರ ಸಭೆಗೆ ನಾನು ಇಸ್ತ್ರಿ ಅಂಗಿ ತೊಟ್ಟು ಹತ್ತು ನಿಮಿಷ ಮೊದಲೇ ಹೋಗಿದ್ದೆ. ಟೀಚರ್ ನನ್ನ ಮೂಗನ್ನೇ ನೋಡುತ್ತಾ, “ಟೀ, ಸರ್?” ಎಂದರು. ಮನೆ ಟೀ ಆಗಿದೆ ಎನ್ನಲು ನನಗೆ ಧೈರ್ಯ ಬರಲಿಲ್ಲ.