ಎಲ್ಲಾ ದಾರಿಗೂ ಒಂದ ಗಾಡಿ

ಹೊಸ ಗಾಡಿ ತಗೊಂಡ್ರ ಸಾಕು, ಫಜೀತಿ ತಾನ ಮನಿ ಹುಡುಕ್ಕೊಂಡು ಬರತೈತಿ, ನಾವು ಕರ್ಯಾಕ ಹೋಗಬೇಕಂತಿಲ್ಲ. ನಾನು ಕೊಣ್ಣೂರಾಂವ. ಜನ ದನದ ಡಾಕ್ಟರ ಅಂತಾರ. ಖರೆ ಹೇಳಬೇಕಂದ್ರ ಡಾಕ್ಟರ ಕೈಕೆಳಗ ಕೆಲಸ ಮಾಡಾಂವ, ಊರೂರು ತಿರುಗಾಂವ.

ಹ್ವಾದ ಯುಗಾದಿಗೆ ಒಂದು ದೊಡ್ಡ ಆಫ್‌ರೋಡ್ ಬೈಕ್ ತಗೊಂಡೆ. ಕೆಸರು, ಗುಡ್ಡ, ಉಸುಕು, ಎಲ್ಲಾದಕ್ಕೂ ಇದೊಂದ ಸಾಕು ಅಂತ ಶೋರೂಮಿನಾಂವ ಹೇಳಿದ್ದ. ಮನ್ಯಾಗಿನ ಹಳೆ ಮೊಪೆಡ್ ಗುಜರಿಗೆ ಹಾಕೂಣು ಅಂದೆ. ಅದರ ಮ್ಯಾಲ ನನ್ನ ಹೆಂಡತಿ ದಿನಾ ಡೇರಿಗೆ ಹಾಲು ಒಯ್ಯತಿದ್ದಳು.

"ಬರೂ ಯುಗಾದಿ ತನಕ ಅದೊಂದ ಗಾಡಿ ಮ್ಯಾಲ ಎಲ್ಲಾ ಕಡೆ ಹೋಗಿ ಬರ್ರಿ," ಅಂದಳು. "ಹಂಗ ಮಾಡಿದ್ರಿ ಅಂದ್ರ ಮೊಪೆಡ್ ನಾನ ಗುಜರಿಗೆ ಹಾಕತೇನಿ, ಹಾಲು ತಲಿ ಮ್ಯಾಲ ಹೊರತೇನಿ. ಆದ್ರ ನಡಕ ಒಂದ ಸಲ ಮೊಪೆಡ್ ಕೇಳಿದ್ರಿ ಅಂದ್ರ, ಯಾವ ಗಾಡಿ ಯಾರಿಗೆ ಅನ್ನೂದು ನಾ ಹೇಳತೇನಿ."

ಆತು ಅಂದೆ. ಗೆದ್ದ ಬಿಟ್ಟೆ ಅಂತ ತಿಳದಿದ್ದೆ.

ಎರಿ ಮಣ್ಣು

ಮೂಡಲಗಿ ಕಡೆ ಒಬ್ಬ ರೈತನ ಎತ್ತಿಗೆ ಜ್ವರ ಬಂದಿತ್ತು. ಹಿಂದಿನ ದಿನ ಮಳಿ ಆಗಿತ್ತು. ಎರಿ ಹೊಲದಾಗ ನೂರು ಹೆಜ್ಜಿ ಹೋಗೂದ್ರಾಗ ಗಾಲಿಗೂ ಮಡ್‌ಗಾರ್ಡಿಗೂ ನಡಕ ಮಣ್ಣು ತುಂಬಿ ಗಾಲಿ ತಿರುಗೂದ ಬಿಟ್ಟಿತು. ಇಳದೆ. ಗಾಡಿ ಬೀಳಲಿಲ್ಲ, ನಟ್ಟ ಕಂಬದಂಗ ನಿಂತಿತ್ತು.

ರೈತ ಚಪ್ಪಲಿ ಕೈಯಾಗ ಹಿಡಕೊಂಡು ಬಂದು ಸುತ್ತ ತಿರುಗಿ ನೋಡಿದ. "ಇದಕ್ಕ ಸ್ಟ್ಯಾಂಡ್ ಐತೇನ್ರಿ?"

"ಐತಿ."

"ಸುಮ್ನ ಕೊಟ್ಟಾರ ಬಿಡ್ರಿ."

ಜ್ವರದ ಎತ್ತಿಗೆ ಸೂಜಿ ಹಾಕಿದೆ. ಅದರ ಜೋಡಿ ಎತ್ತಿಗೆ ಹಗ್ಗ ಕಟ್ಟಿ ಗಾಡಿ ಎಳಿಸಿದ್ವಿ. ಹೊರಡೂ ಮುಂದ ರೈತ ಬಾಳ ಮರ್ಯಾದಿಲೆ ಹೇಳಿದ, "ಇನ್ನೊಮ್ಮಿ ಬರೂದಿದ್ರ ಮೊದಲ ಒಂದು ಫೋನ್ ಮಾಡ್ರಿ. ರೋಡಿಗೆ ಎತ್ತು ಕಳಸ್ತೇನಿ."

ಗುಡ್ಡ

ನಾನು ಗಿಡ್ಡ. ನನ್ನ ಹೆಂಡತಿ ನನಗಿಂತ ನಾಕು ಬೆರಳು ಎತ್ತರ. ಲಗ್ನದ ಫೋಟೋದಾಗ ನನ್ನ ಕಾಲ ಕೆಳಗ ಒಂದು ಕಟಗಿ ಮಣಿ ಇಟ್ಟಿದ್ರು, ಇನ್ನೂ ಕಾಣತೈತಿ. ಈ ಬೈಕಿನ ಸೀಟು ಎಷ್ಟು ಎತ್ತರ ಅಂದ್ರ, ನಿಲ್ಲಿಸಬೇಕಾದ್ರ ಬಾಜೂ ಒಂದು ಕಲ್ಲು ಬೇಕು, ಕಾಲು ಇಡಾಕ.

ಬೆಲ್ಲದ ಬಾಗೇವಾಡಿ ದಾಟಿ ಹುಕ್ಕೇರಿ ಕಡೆ ಒಂದು ಗುಡ್ಡದ ಮ್ಯಾಲ ಕುರಿಗೆ ಲಸಿಕಿ ಹಾಕೂದಿತ್ತು. ಗಾಡಿ ಗುಡ್ಡ ಏರಿತು ನೋಡ್ರಿ, ನನಗ ಎದಿ ಉಬ್ಬಿ ಬಂತು. ನಡಕೊಂಡು ಹ್ವಾದ್ರ ಮುಕ್ಕಾಲು ತಾಸಿನ ದಾರಿ, ಹತ್ತು ನಿಮಿಷದಾಗ ಮುಟ್ಟಿದೆ. ಕಲ್ಲು ಹುಡುಕ್ಕೊಂತ ಕುರಿ ಸುತ್ತ ಎರಡು ಸುತ್ತು ಹಾಕಿದೆ. ಆ ಸಪ್ಪಳಕ್ಕ ಕುರಿ ಎಲ್ಲಾ ದಿಕ್ಕಾಪಾಲಾಗಿ ಓಡಿದ್ವು.

ಅವನ್ನ ಕೂಡಿಸಾಕ ನಾನೂ ಕುರುಬ ಕಾಕಾನೂ ಎರಡು ತಾಸು ಓಡ್ಯಾಡಿದ್ವಿ. ಕಾಕಾ ತಲಿ ಮ್ಯಾಲಿನ ಪಟಕಾ ಬಿಚ್ಚಿ ಬೆವರು ಒರಸಿಕೊಂಡ.

"ಸಾಹೇಬ್ರ, ಮುಂದಿನ ಸಲ ಅರ್ಜೆಂಟ್ ಇದ್ರ ನಡಕೊಂಡ ಬರ್ರಿ."

ಕಬ್ಬು

ಇದು ನಮ್ಮ ಊರಾಗಿಂದ. ಆಳೆತ್ತರದ ಕಬ್ಬಿನ ನಡಕ ಒಂದು ಕಾಲುದಾರಿ. ಬೈಕಿನ ಹ್ಯಾಂಡಲ್ ಅಗಲ. ಅರ್ಧಾ ದಾರ್ಯಾಗ ಎರಡೂ ಬಾಜೂ ಕಬ್ಬು ಹಿಡಕೊಂಡು ಬಿಟ್ಟಿತು. ಮುಂದ ಹೋಗವಲ್ದು, ಹಿಂದ ಬರವಲ್ದು, ತಿರುಗಸಾಕ ಜಾಗಾ ಇಲ್ಲ. ಕಬ್ಬು ಮುರದ್ರ ಮಾಲಕ ಬಿಡಾಂವಲ್ಲ. ಆ ಕಡೆಯಿಂದ ಕಬ್ಬು ಕಡಿಯೂ ಗ್ಯಾಂಗಿನಾಕಿ ಒಬ್ಬಾಕಿ ಒದರಿದಳು:

"ಅಲ್ಲೇ ಕುಂದರ್ರಿ ಅಣ್ಣಾರ. ಸಂಜೀಕ ನಿಮ್ಮ ತನಕ ಬರತೇವಿ."

ಬಂದ್ರು. ನನಗ ಒಂದು ರೊಟ್ಟಿನೂ ಕೊಟ್ರು. ಮೊಪೆಡ್ ಮಾತ್ರ ಕೇಳಲಿಲ್ಲ ನಾನು.

ಉಸುಕು

ಯುಗಾದಿಗೆ ಇನ್ನ ಎಂಟ ದಿನ ಇತ್ತು. ಧುಪದಾಳ ಹತ್ರ ಹೊಳಿ ದಂಡಿಗೆ ಒಂದು ತ್ವಾಟದ ಮನ್ಯಾಗ ಎಮ್ಮಿ ಈಯಾಕತ್ತಿತ್ತು, ಕರು ಅಡ್ಡ ಸಿಕ್ಕೊಂಡಿತ್ತು. ಡಾಕ್ಟರ ಬ್ಯಾರೆ ಊರಾಗ ಇದ್ರು, ನೀನ ಓಡು ಅಂದ್ರು. ಓಡಿದೆ. ಹಸಿ ಉಸುಕಿನ್ಯಾಗ ಬೈಕು ಅರ್ಧಾ ಗಾಲಿ ತನಕ ಹೂತು ಕುಂತಿತು. ಗ್ಯಾಸ್ ಕೊಟ್ಟಷ್ಟೂ ಕೆಳಗ ಹೊಂಟಿತು. ಮನಿ ಇನ್ನೂ ಎರಡು ಕಿಲೋಮೀಟರ್. ಮನಿಯಾಂವಂದು ಫೋನ್ ಮ್ಯಾಲ ಫೋನ್, "ಎಮ್ಮಿ ಕಣ್ಣು ಮ್ಯಾಲ ಮಾಡಾಕತ್ತೈತ್ರಿ."

ಶರತ್ತು ನೆನಪಿತ್ತು. ಆದ್ರ ಎಮ್ಮಿ ಜೀವದ ಮುಂದ ನನ್ನ ಮೀಸಿ ಏನ ಮಹಾ. ಹೆಂಡತಿಗೆ ಫೋನ್ ಹಚ್ಚಿದೆ.

"ಮೊಪೆಡ್ ತಗೊಂಡು ಲಗೂನ ಬಾ."

ಆಕಿ ನಗಲಿಲ್ಲ, ಬಂದಳು. ಆಕಿನ್ನ ಬೈಕ್ ಕಾಯಾಕ ನಿಲ್ಲಿಸಿ ನಾನು ಮೊಪೆಡ್ ಏರಿದೆ. ಗಾಲಿ ಸಿಕ್ಕೊಂಡಲ್ಲೆ ಇಳದು, ಹಿಂದಿನ ಗಾಲಿ ಎತ್ತಿ ಬಾಜೂ ಇಟ್ಟು ಮತ್ತ ನಡದೆ. ಕರು ಉಳೀತು, ಎಮ್ಮಿನೂ ಉಳೀತು. ಹೊರಗ ಬಂದು ಕುಂತು ಒಂದಿಷ್ಟು ಅತ್ತೆ, ಅದೂ ಖರೆ.

ಮನಿಯಾಂವ ಟ್ರ್ಯಾಕ್ಟರ್ ತಗೊಂಡು ಹೋಗಿ ನಾಕು ಮಂದಿ ಕೂಡಿಸಿ ಬೈಕನ್ನ ಟ್ರಾಲಿಗೆ ಹೇರಿ, ನನ್ನ ಹೆಂಡತಿನ್ನೂ ಕುಂದರಿಸಿಕೊಂಡು ತನ್ನ ಅಂಗಳಕ್ಕ ತಂದ. ಅವರ ಮನಿ ಮುದುಕಿ ಆಯಿ ಆರತಿ ತಾಟು ತಂದು ಮೊದಲ ಕರುವಿಗೆ ಕುಂಕುಮ ಹಚ್ಚಿದಳು, ಆಮ್ಯಾಲ ಮೊಪೆಡ್ಡಿಗೆ. ಟ್ರಾಲ್ಯಾಗ ಅಡ್ಡ ಬಿದ್ದಿದ್ದ ಬೈಕ್ ನೋಡಿ ಆಕಿಗೆ ಮರುಕ ಬಂತು.

"ಇದಕ್ಕೇನಾಗೈತೋ ಯಪ್ಪಾ? ಹೆಂಗೂ ಔಷಧದ ಚೀಲ ಬಿಚ್ಚೀದಿ, ಒಂದು ಸೂಜಿ ಹಾಕಿ ಬಿಡು."

ಬೈಕ್ ಮತ್ತ ಹೆಂಡತಿ ಅದ ಟ್ರಾಲ್ಯಾಗ ನಮ್ಮ ಮನಿಗೆ ಮುಂದ ಹೋಗಿದ್ರು, ನಾನು ಮೊಪೆಡ್ ಮ್ಯಾಲ ಹಿಂದಿಂದ ಬಂದು ತಪ್ಪು ಒಪ್ಪಿಕೊಂಡೆ. "ನಾಳೆ ಬೈಕ್ ಮಾರತೇನಿ," ಅಂದೆ.

"ಯಾಕ ಮಾರತೀರಿ?" ಅಂದಳು ನನ್ನ ಹೆಂಡತಿ, ಆಯಿ ಕೊಟ್ಟ ಗಿಣ್ಣದ ಹಾಲು ಒಲಿ ಮ್ಯಾಲ ಇಟಗೊಂತ. "ಕೆಸರು, ಉಸುಕು, ಗುಡ್ಡ ಎಲ್ಲಾ ನಿಮ್ಮ ಕೆಲಸ. ಅದಕ್ಕ ಮೊಪೆಡ್ ನೀವು ಒಯ್ರಿ. ಡೇರಿಗೆ ಡಾಂಬರ ರೋಡ್ ಐತಿ, ಬೈಕ್ ನನಗಿರಲಿ."

"ಗೇರಿನ ಗಾಡಿ ನಿನಗ ಬರತೈತೇನು?"

"ಟ್ರಾಲ್ಯಾಗಿಂದ ಇಳಿಸಿದ ಮ್ಯಾಲ ಅಂಗಳದಾಗ ತಂದು ನಿಲ್ಲಿಸಿದಾಕಿ ಯಾರು?"

ನಾನು ಹೊರಗ ಹಣಿಕಿ ಹಾಕಿದೆ. ಬೈಕ್ ಅಂಗಳದಾಗ ನೆಟ್ಟಗ ನಿಂತಿತ್ತು. ಬಾಜೂ ಕಲ್ಲು ಇರಲಿಲ್ಲ.